ಕೋವಿಡ್-19ರ ನರಸಂಬಂಧಿ ತೊಡಕುಗಳು

ಸಾರ್ಸ್-ಕೋವ್-2 ಎಂಬ ಕೊರೊನಾ ವೈರಸ್‌ನಿಂದ ಬರುವ ಉಸಿರಾಟದ ಸೋಂಕಿನ ಜೊತೆಯಲ್ಲೋ, ಸೋಂಕು ಇಳಿದ ಮೇಲೋ ಮಿದುಳು, ಬೆನ್ನುಹುರಿ, ನರ ಮತ್ತು ಸ್ನಾಯುಗಳಲ್ಲಿ ಕಾಣಿಸಿಕೊಳ್ಳುವ ತೊಂದರೆಗಳ ಸಮೂಹ. ವಾಸನೆ ತಿಳಿಯದಿರುವುದು, ತಲೆನೋವು, ಸನ್ನಿ, ಪಾರ್ಶ್ವವಾಯು, ಮೂರ್ಛೆ, ಮಿದುಳಿನ ಉರಿಯೂತ, ಗಿಲ್ಲನ್-ಬಾರೆ ಸಿಂಡ್ರೋಮ್, ತಿಂಗಳುಗಟ್ಟಲೆ ಬಿಡದ ಮರೆವು ಮತ್ತು ಮಂಕು ಇದರ ಮುಖ್ಯ ರೂಪಗಳು. ಮೂಗು ಗಂಟಲುಗಳಲ್ಲಿ ನೆಲೆಯೂರಿ ಶ್ವಾಸಕೋಶಕ್ಕೆ ಇಳಿಯುವ ವೈರಸ್ ತಲೆಬುರುಡೆಯೊಳಗೆ ಇಷ್ಟು ಬಗೆಯ ಹಾನಿಯನ್ನು ಹೇಗೆ ಮಾಡುತ್ತದೆ ಎಂಬುದು 2020ರಿಂದ ನರವಿಜ್ಞಾನಿಗಳನ್ನು ಕಾಡಿರುವ ಪ್ರಶ್ನೆ. ಈವರೆಗಿನ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಒಂದೇ ದಿಕ್ಕಿಗೆ ಕೈತೋರಿಸುತ್ತದೆ. ವೈರಸ್ ತಾನೇ ಮಿದುಳಿಗೆ ನುಗ್ಗಿ ನರಕೋಶಗಳನ್ನು ಕೊಲ್ಲುವುದು ವಿರಳ. ಹಾನಿಯ ಬಹುಪಾಲು ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆಯಿಂದ ಬರುತ್ತದೆ: ಮಿತಿಮೀರಿದ ಉರಿಯೂತ, ಹೆಪ್ಪುಗಟ್ಟುವ ರಕ್ತ, ಆಮ್ಲಜನಕದ ಕೊರತೆ, ದಾರಿತಪ್ಪಿದ ಪ್ರತಿರಕ್ಷಣೆ. ಯಾವ ರೋಗಿಗೆ ಯಾವ ಔಷಧ ಕೊಡಬೇಕು, ಯಾವಾಗ ಕೊಡಬಾರದು ಎಂಬ ನಿರ್ಧಾರ ಈ ತಿಳಿವಳಿಕೆಯನ್ನೇ ನೆಚ್ಚಿರುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ವ್ಯಾಪ್ತಿ

ಮೊದಲ ವ್ಯವಸ್ಥಿತ ವರದಿ ಸೋಂಕು ಮೊದಲು ಹಬ್ಬಿದ ವುಹಾನ್ ನಗರದಿಂದಲೇ ಬಂತು. 2020ರ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಅಲ್ಲಿ ಆಸ್ಪತ್ರೆ ಸೇರಿದ 214 ರೋಗಿಗಳ ಪೈಕಿ 78 ಮಂದಿಯಲ್ಲಿ, ಅಂದರೆ ಶೇ. 36.4ರಷ್ಟು ಜನರಲ್ಲಿ, ನರಸಂಬಂಧಿ ಲಕ್ಷಣಗಳಿದ್ದವು. ರೋಗ ತೀವ್ರವಾಗಿದ್ದವರಲ್ಲಿ ಈ ಪ್ರಮಾಣ ಶೇ. 45.5ಕ್ಕೆ ಏರಿತ್ತು, ಉಳಿದವರಲ್ಲಿ ಶೇ. 30.2 ಇತ್ತು. ಇವುಗಳಲ್ಲಿ ತಲೆಸುತ್ತು, ತಲೆನೋವಿನಂಥ ಸೌಮ್ಯ ಲಕ್ಷಣಗಳೂ ಸೇರಿದ್ದವು ಎಂಬುದನ್ನು ಮರೆಯಬಾರದು. ಯಾವುದೇ ಜ್ವರದಲ್ಲಿ ತಲೆ ನೋಯುತ್ತದೆ, ಅದನ್ನೆಲ್ಲ ನರರೋಗವೆಂದು ಲೆಕ್ಕ ಹಾಕುವುದು ಸರಿಯೇ ಎಂಬ ಆಕ್ಷೇಪ ಆಗಲೇ ಎದ್ದಿತ್ತು, ಅದರಲ್ಲಿ ಹುರುಳೂ ಇತ್ತು. ಇಂಥ ಸಂದೇಹಕ್ಕೆ ಉತ್ತರ ಸಿಗುವುದು ಬೇರೆ ಉಸಿರಾಟದ ಸೋಂಕುಗಳೊಂದಿಗೆ ಹೋಲಿಸಿದಾಗ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬಹುತೇಕ ಅಮೆರಿಕದ ದಾಖಲೆಗಳಿಂದ ಆಯ್ದ 2,36,379 ಕೋವಿಡ್ ರೋಗಿಗಳ ವಿವರಗಳನ್ನು ಪರಿಶೀಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಂಕಿನ ನಂತರದ ಆರು ತಿಂಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ನರರೋಗ ಅಥವಾ ಮನೋರೋಗದ ನಿದಾನವಾಗಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅಂಥ ನಿದಾನ ಪಡೆದವರು ಶೇ. 12.8. ಇನ್‌ಫ್ಲುಯೆಂಜಾ ಬಂದವರೊಂದಿಗೆ ಹೋಲಿಸಿದರೆ ಅಪಾಯ ಶೇ. 44ರಷ್ಟು ಹೆಚ್ಚಾಗಿತ್ತು. ಜ್ವರಕ್ಕೆ ಸಹಜವಾದ ದಣಿವಷ್ಟೇ ಇದರ ಕಾರಣವಾಗಿದ್ದರೆ ಎರಡು ಗುಂಪುಗಳ ನಡುವೆ ಇಷ್ಟು ಅಂತರ ಬೀಳುತ್ತಿರಲಿಲ್ಲ.

ವೈರಸ್ ಮಿದುಳಿಗೆ ನುಗ್ಗುತ್ತದೆಯೇ?

ವೈರಸ್ ನೇರವಾಗಿ ಮಿದುಳಿಗೆ ಏರುತ್ತದೆ ಎಂಬ ಊಹೆಗೆ ಮೊದಲ ಬಲ ಕೊಟ್ಟದ್ದು ವಾಸನೆಯ ನಷ್ಟ. ಮೂಗಿನ ಮೇಲ್ಭಾಗದಲ್ಲಿರುವ ಘ್ರಾಣ ನರಕೋಶಗಳ ಎಳೆಗಳು ತಲೆಬುರುಡೆಯ ಜರಡಿಯಂಥ ಮೂಳೆಯನ್ನು ಹಾದು ಮಿದುಳಿನ ತಳವನ್ನು ಮುಟ್ಟುತ್ತವೆ. ಹೊರಗಿನ ಗಾಳಿಗೂ ಮಿದುಳಿಗೂ ಇಷ್ಟು ಹತ್ತಿರದ ನಂಟು ಬೇರೆಲ್ಲೂ ಇಲ್ಲವಾದ್ದರಿಂದ ವೈರಸ್ ಈ ಹಾದಿ ಹಿಡಿದಿರಬೇಕೆಂದು ಅನೇಕರು ಭಾವಿಸಿದರು. ಆದರೆ ಈ ವೈರಸ್ ಜೀವಕೋಶವನ್ನು ಹೊಗಬೇಕಾದರೆ ಕೋಶದ ಹೊರಮೈಯಲ್ಲಿ ಎಸಿಇ2 ಎಂಬ ಗ್ರಾಹಕ ಇರಬೇಕು. ಘ್ರಾಣ ನರಕೋಶಗಳಲ್ಲಿ ಆ ಗ್ರಾಹಕ ಇಲ್ಲವೆಂದೂ, ಅವುಗಳಿಗೆ ಆಸರೆಯಾಗಿ ನಿಂತ ಪೋಷಕ ಕೋಶಗಳಲ್ಲಿ ಅದು ಇದೆಯೆಂದೂ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು 2020ರಲ್ಲಿ ತೋರಿಸಿದರು. ಮರುವರ್ಷ ಬೆಲ್ಜಿಯಂನಲ್ಲಿ ರೋಗಿಗಳು ಮೃತಪಟ್ಟ ಸ್ವಲ್ಪ ಹೊತ್ತಿನಲ್ಲೇ ತೆಗೆದ ಮೂಗಿನ ಅಂಗಾಂಶಗಳೂ ಇದನ್ನೇ ಹೇಳಿದವು: ಸೋಂಕು ತಗಲಿದ್ದು ಪೋಷಕ ಕೋಶಗಳಿಗೆ, ನರಕೋಶಗಳಿಗಲ್ಲ. ಆಸರೆ ಕುಸಿದಾಗ ನರಕೋಶ ಕೆಲಸ ನಿಲ್ಲಿಸುತ್ತದೆ. ಆಸರೆ ಮತ್ತೆ ಬೆಳೆದಾಗ ವಾಸನೆಯೂ ಮರಳುತ್ತದೆ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲೇ ಒಗ್ಗರಣೆಯ ಘಮ ಮತ್ತೆ ತಿಳಿಯತೊಡಗಿದ್ದು ಹೀಗೆ. ನರಕೋಶಗಳೇ ಸತ್ತಿದ್ದರೆ ಚೇತರಿಕೆ ಅಷ್ಟು ಬೇಗ ಆಗುತ್ತಿರಲಿಲ್ಲ. ಕೆಲವರಿಗೆ ವಾಸನೆ ವರ್ಷವಾದರೂ ಮರಳಲಿಲ್ಲ, ಮರಳಿದರೂ ಕಾಫಿ, ಈರುಳ್ಳಿ ಕೊಳೆತಂತೆ ನಾರುವ ವಿಕಾರ ಉಳಿಯಿತು ಎಂಬುದು ನಿಜ. ಅಂಥವರ ಮೂಗಿನ ಒಳಪೊರೆಯಲ್ಲಿ ಕಂಡದ್ದು ವೈರಸ್ ಅಲ್ಲ, ಸೋಂಕು ಹೋದ ಮೇಲೂ ಜಾಗ ಬಿಡದೆ ಕುಳಿತ ಪ್ರತಿರಕ್ಷಣಾ ಕೋಶಗಳು.

ಮರಣೋತ್ತರ ಪರೀಕ್ಷೆಗಳು ಕೊಡುವ ಸಾಕ್ಷ್ಯ ಇನ್ನೂ ತೂಕದ್ದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 43 ಮೃತರ ಮಿದುಳುಗಳನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪರೀಕ್ಷಿಸಲಾದ 40 ಮಿದುಳುಗಳ ಪೈಕಿ 21ರಲ್ಲಿ ವೈರಸ್‌ನ ಗುರುತು ಸಿಕ್ಕಿತ್ತು. ಇದನ್ನಷ್ಟೇ ಓದಿದರೆ ನೇರ ದಾಳಿಯ ವಾದ ಗೆದ್ದಂತೆ ತೋರುತ್ತದೆ. ಆದರೆ ವೈರಸ್ ಸಿಕ್ಕಿದ ಮಿದುಳುಗಳಲ್ಲಿ ಹಾನಿ ಹೆಚ್ಚು, ಸಿಗದವುಗಳಲ್ಲಿ ಕಡಿಮೆ ಎಂಬ ಸಂಬಂಧವೇ ಅಲ್ಲಿ ಕಾಣಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 41 ಮೃತರ ಮಿದುಳುಗಳಲ್ಲಿ ವೈರಸ್ ತೀರ ಅಲ್ಪ ಪ್ರಮಾಣದಲ್ಲಿತ್ತು; ಎದ್ದು ಕಂಡದ್ದು ಆಮ್ಲಜನಕವಿಲ್ಲದೆ ಬಾಡಿದ ನರಕೋಶಗಳು, ಅವುಗಳ ಸುತ್ತ ಕೆರಳಿ ನೆರೆದ ಮೈಕ್ರೋಗ್ಲಿಯಾ ಎಂಬ ಕಾವಲುಕೋಶಗಳು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಇನ್ನೊಂದು ತಂಡ ಮಿದುಳಿನ ಸೂಕ್ಷ್ಮ ರಕ್ತನಾಳಗಳು ತೆಳ್ಳಗಾಗಿ ರಕ್ತದ್ರವ ಸೋರಿದ್ದನ್ನು ಕಂಡಿತು, ಆ ಜಾಗಗಳಲ್ಲಿ ವೈರಸ್ ಮಾತ್ರ ಸಿಗಲಿಲ್ಲ. ಇದಕ್ಕೆ ಎದುರಾಗಿ ನಿಲ್ಲುವ ಗಟ್ಟಿಯಾದ ವರದಿ 2022ರ ಡಿಸೆಂಬರ್‌ನದು. 44 ಮೃತರ ದೇಹಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ಆ ಅಧ್ಯಯನದಲ್ಲಿ ವೈರಸ್‌ನ ಆರ್‌ಎನ್‌ಎ ಮಿದುಳೂ ಸೇರಿದಂತೆ ಅನೇಕ ಅಂಗಗಳಲ್ಲಿ ಸಿಕ್ಕಿತು, ಒಬ್ಬರಲ್ಲಿ ಲಕ್ಷಣ ಶುರುವಾಗಿ 230 ದಿನಗಳಾದ ಮೇಲೂ ಉಳಿದಿತ್ತು. ಆದ್ದರಿಂದ ವೈರಸ್ ಮಿದುಳನ್ನು ಮುಟ್ಟುವುದೇ ಇಲ್ಲ ಎನ್ನುವಂತಿಲ್ಲ. ಹಾಗಿದ್ದರೂ ಅದೇ ವರದಿ, ವೈರಸ್‌ನ ಗುರುತು ಸಿಕ್ಕಿದ ಮಿದುಳಿನ ಭಾಗಗಳಲ್ಲಿ ಉರಿಯೂತವಾಗಲಿ ಕೋಶನಾಶವಾಗಲಿ ಹೆಚ್ಚು ಇರಲಿಲ್ಲ ಎಂದೂ ಹೇಳುತ್ತದೆ. ಸ್ಥಳದಲ್ಲಿ ಇದ್ದದ್ದೇ ಅಪರಾಧಕ್ಕೆ ಸಾಕ್ಷಿಯಾಗದು. ಹಾನಿ ಇದ್ದಲ್ಲಿ ವೈರಸ್ ಕಡಿಮೆ, ವೈರಸ್ ಇದ್ದಲ್ಲಿ ಹಾನಿ ಕಡಿಮೆ ಎಂದಾಗ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ರಕ್ತನಾಳ, ಆಮ್ಲಜನಕ, ಸನ್ನಿ

ಹುಡುಕುವ ಮೊದಲ ಜಾಗ ರಕ್ತನಾಳ. ಸೋಂಕು ತೀವ್ರವಾದಾಗ ರಕ್ತನಾಳಗಳ ಒಳಪದರ ಕೆರಳುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಆ ಹೆಪ್ಪು ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು. 2020ರ ವಸಂತದಲ್ಲಿ ನ್ಯೂಯಾರ್ಕಿನ ವೈದ್ಯರು 50 ವರ್ಷದೊಳಗಿನ ಐವರಲ್ಲಿ ಮಿದುಳಿನ ದೊಡ್ಡ ರಕ್ತನಾಳವೇ ಮುಚ್ಚಿದ್ದನ್ನು ವರದಿ ಮಾಡಿದಾಗ ವೈದ್ಯಲೋಕ ಬೆಚ್ಚಿತು. ಐದು ಪ್ರಕರಣಗಳಿಂದ ನಿಯಮ ಹುಟ್ಟುವುದಿಲ್ಲ. ನಿಯಮಕ್ಕೆ ಹತ್ತಿರವಾದದ್ದು ಅದೇ ನಗರದ ಇನ್ನೊಂದು ಲೆಕ್ಕ. ತುರ್ತು ಚಿಕಿತ್ಸೆಗೆ ಬಂದ ಅಥವಾ ದಾಖಲಾದ 1,916 ಕೋವಿಡ್ ರೋಗಿಗಳಲ್ಲಿ 31 ಮಂದಿಗೆ, ಅಂದರೆ ಶೇ. 1.6ರಷ್ಟು ಜನರಿಗೆ, ರಕ್ತನಾಳ ಮುಚ್ಚಿ ಪಾರ್ಶ್ವವಾಯು ಬಂದಿತ್ತು. ಹಿಂದಿನ ವರ್ಷಗಳಲ್ಲಿ ಅಲ್ಲಿಗೇ ಬಂದಿದ್ದ 1,486 ಇನ್‌ಫ್ಲುಯೆಂಜಾ ರೋಗಿಗಳಲ್ಲಿ ಅದು ಬಂದದ್ದು ಮೂವರಿಗೆ, ಅಂದರೆ ಶೇ. 0.2. ಕೋವಿಡ್ ರೋಗಿಗಳಲ್ಲಿ ಮಧುಮೇಹಿಗಳು, ವಯಸ್ಸಾದವರು ಹೆಚ್ಚಿದ್ದರೆಂಬುದು ಇಲ್ಲಿ ಏಳುವ ಸಹಜ ಆಕ್ಷೇಪ. ಆ ವ್ಯತ್ಯಾಸಗಳನ್ನು ಲೆಕ್ಕದಿಂದ ಕಳೆದ ಮೇಲೂ ಅಂತರ ಗಣನೀಯವಾಗಿಯೇ ಉಳಿಯಿತು.

ಸನ್ನಿ ಇದಕ್ಕಿಂತ ಸಾಮಾನ್ಯ, ಆದರೆ ಎಷ್ಟೋ ಸಲ ಯಾರ ಗಮನಕ್ಕೂ ಬರದೆ ಹೋಗುವ ತೊಡಕು. ರೋಗಿ ಹಗಲು ರಾತ್ರಿ ತಿಳಿಯದೆ ಬಡಬಡಿಸುತ್ತಾನೆ, ಇಲ್ಲವೇ ಮಾತಿಲ್ಲದೆ ಮುದುಡಿ ಮಲಗುತ್ತಾನೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ತೀವ್ರ ನಿಗಾ ಘಟಕದ 58 ರೋಗಿಗಳ ಪೈಕಿ 40 ಮಂದಿಯಲ್ಲಿ ಉದ್ವಿಗ್ನತೆ ಕಂಡಿತ್ತು. ಬೆನ್ನಿನಿಂದ ಮಿದುಳುದ್ರವ ತೆಗೆದು ಪರೀಕ್ಷಿಸಿದ ಏಳು ಮಂದಿಯಲ್ಲಿ ಒಬ್ಬರಲ್ಲೂ ವೈರಸ್ ಸಿಗಲಿಲ್ಲ. ಅಮೆರಿಕದಲ್ಲಿ ತುರ್ತು ಘಟಕಗಳಿಗೆ ಬಂದ 817 ಹಿರಿಯ ಕೋವಿಡ್ ರೋಗಿಗಳಲ್ಲಿ ಶೇ. 28ರಷ್ಟು ಮಂದಿಗೆ ಸನ್ನಿಯಿತ್ತು, ಅವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವರಿಗೆ ಜ್ವರವಾಗಲಿ ಉಬ್ಬಸವಾಗಲಿ ಇರಲಿಲ್ಲ. ಮನೆಯ ಅಜ್ಜನೋ ಅಜ್ಜಿಯೋ ಇದ್ದಕ್ಕಿದ್ದಂತೆ ಮಂಕಾದರೆ ವಯಸ್ಸಿನ ಮರೆವೆಂದು ಬಿಟ್ಟುಬಿಡುವುದು ಎಲ್ಲೆಡೆಯೂ ಉಂಟು. ಒಂದೆರಡು ದಿನಗಳಲ್ಲಿ ಬಂದ ಮಂಕು ಮರೆವಿನ ರೋಗವಾಗಿರುವುದು ಅಪರೂಪ. ಅದು ಎಲ್ಲೋ ಹೊತ್ತಿಕೊಂಡ ಸೋಂಕಿನ ಅಥವಾ ಇಳಿದ ಆಮ್ಲಜನಕದ ಮೊದಲ ಸುಳಿವಾಗಿರಬಹುದು. ಶ್ವಾಸಕೋಶ ಸೋತಾಗ ದೇಹದ ಒಟ್ಟು ಆಮ್ಲಜನಕದಲ್ಲಿ ಐದನೇ ಒಂದು ಪಾಲನ್ನು ಬಳಸುವ ಮಿದುಳು ಬೇಗನೆ ಬಳಲುತ್ತದೆ ಎಂಬ ಸರಳ ಲೆಕ್ಕವೂ ಇದರ ಹಿಂದಿದೆ.

ದಾರಿತಪ್ಪಿದ ಪ್ರತಿರಕ್ಷಣೆ

ವೈರಸ್ಸನ್ನು ಗುರಿಯಾಗಿಸಿ ಹುಟ್ಟಿದ ಪ್ರತಿರಕ್ಷಣೆ ಸ್ವಂತ ನರದ ಹೊದಿಕೆಯನ್ನೇ ಶತ್ರುವೆಂದು ತಿಳಿದು ಎರಗಿದಾಗ ಗಿಲ್ಲನ್-ಬಾರೆ ಸಿಂಡ್ರೋಮ್ ಬರುತ್ತದೆ. ಕಾಲಿನಿಂದ ಮೇಲಕ್ಕೇರುವ ಬಲಹೀನತೆ ಕೆಲವರಲ್ಲಿ ಉಸಿರಾಟದ ಸ್ನಾಯುಗಳನ್ನೂ ಮುಟ್ಟುತ್ತದೆ. ಉತ್ತರ ಇಟಲಿಯ ವೈದ್ಯರು 2020ರ ಏಪ್ರಿಲ್‌ನಲ್ಲಿ ಇಂಥ ಐದು ಪ್ರಕರಣಗಳನ್ನು ವರದಿ ಮಾಡಿದರು. ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಳನ್ನು ನೋಡಿದವರಿಗೆ ಮಾತ್ರ ಬೇರೆಯೇ ಚಿತ್ರ ಕಂಡಿತು. ಸೋಂಕು ಉತ್ತುಂಗದಲ್ಲಿದ್ದ ತಿಂಗಳುಗಳಲ್ಲಿ ಅಲ್ಲಿ ಗಿಲ್ಲನ್-ಬಾರೆ ಪ್ರಕರಣಗಳು ಹಿಂದಿನ ವರ್ಷಗಳಿಗಿಂತ ಇಳಿದಿದ್ದವು. ಹಾಗಾದರೆ ಸಂಬಂಧವೇ ಇಲ್ಲವೇ? ಲಾಕ್‌ಡೌನ್‌ನಿಂದಾಗಿ ಈ ರೋಗವನ್ನು ಪ್ರಚೋದಿಸುವ ಬೇರೆ ಸೋಂಕುಗಳು ಕುಗ್ಗಿದ್ದವು ಎಂಬುದು ಇಳಿಕೆಗೆ ಒಪ್ಪುವ ವಿವರಣೆ. ಜನಸಂಖ್ಯೆಯ ಒಟ್ಟು ಲೆಕ್ಕ ಬಿಟ್ಟು ಸೋಂಕಿತ ವ್ಯಕ್ತಿಗಳನ್ನೇ ಹಿಂಬಾಲಿಸಿದ ಇಂಗ್ಲೆಂಡಿನ ಅಧ್ಯಯನವೊಂದು 2021ರಲ್ಲಿ ಒಂದು ಕೋಟಿ ಸೋಂಕಿತರಿಗೆ 145 ಹೆಚ್ಚುವರಿ ಪ್ರಕರಣಗಳನ್ನು ಅಂದಾಜು ಮಾಡಿತು. ಅಪಾಯ ಇದೆ, ಆದರೆ ಸಣ್ಣದು ಎಂಬುದೇ ಇಲ್ಲಿ ನಿಲ್ಲುವ ಮಾತು.

ಈ ಅಧ್ಯಯನವೇ ಲಸಿಕೆಯ ಪ್ರಶ್ನೆಗೂ ಉತ್ತರ ಕೊಡುತ್ತದೆ. ಭಾರತದಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ಬಂದ ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಲಸಿಕೆಯ ನಂತರವೂ ಗಿಲ್ಲನ್-ಬಾರೆ ಕಂಡಿದೆ; ಅದೇ ಲೆಕ್ಕದಲ್ಲಿ ಅದು ಒಂದು ಕೋಟಿ ಜನರಿಗೆ 38. ಲಸಿಕೆಗೆ ನರದ ಅಪಾಯವೇ ಇಲ್ಲ ಎನ್ನುವುದು ಸುಳ್ಳಾಗುತ್ತದೆ, ಸೋಂಕಿಗಿಂತ ಲಸಿಕೆಯೇ ಹೆಚ್ಚು ಅಪಾಯವೆನ್ನುವುದು ಇನ್ನೂ ದೊಡ್ಡ ಸುಳ್ಳು. ಇನ್‌ಫ್ಲುಯೆಂಜಾ ವಿಷಯದಲ್ಲೂ ಕೆನಡಾದ ಒಂಟಾರಿಯೊ ಪ್ರಾಂತ್ಯದ ದಾಖಲೆಗಳು ಇದೇ ಪಾಠವನ್ನು 2013ರಲ್ಲಿ ಹೇಳಿದ್ದವು: ಹತ್ತು ಲಕ್ಷ ಲಸಿಕೆಗಳಿಗೆ ಸುಮಾರು ಒಂದು ಪ್ರಕರಣ, ಇನ್‌ಫ್ಲುಯೆಂಜಾಕ್ಕಾಗಿ ವೈದ್ಯರಲ್ಲಿಗೆ ಹೋದ ಹತ್ತು ಲಕ್ಷ ಭೇಟಿಗಳಿಗೆ ಸುಮಾರು 17. ನಮ್ಮ ವಾದಕ್ಕೆ ಇದರಿಂದ ಇನ್ನೊಂದು ಆಸರೆಯೂ ಸಿಗುತ್ತದೆ. ಲಸಿಕೆಯಲ್ಲಿ ರೋಗ ತರಬಲ್ಲ ಜೀವಂತ ಕೊರೊನಾ ವೈರಸ್ ಇಲ್ಲ. ಆದರೂ ವಿರಳವಾಗಿ ಅದೇ ನರರೋಗ ಬರುತ್ತದೆಂದರೆ, ಆ ರೋಗಕ್ಕೆ ನರದಲ್ಲಿ ವೈರಸ್ ಇರಲೇಬೇಕೆಂದಿಲ್ಲ. ಪ್ರತಿರಕ್ಷಣೆ ಕೆರಳಿದರೆ ಸಾಕು.

ಹಿಂದಿನ ಸೋಂಕುಗಳ ಪಾಠ

ಉಸಿರಾಟದ ಸೋಂಕು ಮಿದುಳನ್ನು ದೂರದಿಂದಲೇ ಕೆಡಿಸಿದ ನಿದರ್ಶನಗಳು ಕೋವಿಡ್‌ಗೆ ಮೊದಲೂ ಇದ್ದವು. 1995ರಲ್ಲಿ ಜಪಾನಿನ ವೈದ್ಯರು ವಿವರಿಸಿದ ತೀವ್ರ ಕೋಶನಾಶಕ ಮಿದುಳುರೋಗದಲ್ಲಿ, ಇನ್‌ಫ್ಲುಯೆಂಜಾ ಬಂದ ಮಗು ಒಂದೆರಡು ದಿನಗಳಲ್ಲೇ ಪ್ರಜ್ಞೆ ತಪ್ಪುತ್ತದೆ, ಮಿದುಳಿನ ಆಳದಲ್ಲಿ ಎರಡೂ ಬದಿಗಿರುವ ಥಲಾಮಸ್ ಎಂಬ ಭಾಗ ಹಾನಿಗೊಳ್ಳುತ್ತದೆ, ಆದರೆ ಮಿದುಳಿನಲ್ಲಿ ಸಾಮಾನ್ಯವಾಗಿ ವೈರಸ್ ಸಿಗುವುದಿಲ್ಲ. ಕೆಲವು ಕುಟುಂಬಗಳಲ್ಲಿ ರಾನ್‌ಬಿಪಿ2 ಎಂಬ ಜೀನ್‌ನ ದೋಷ ಇದಕ್ಕೆ ದಾರಿ ಮಾಡುತ್ತದೆಂದು 2009ರಲ್ಲಿ ತಿಳಿಯಿತು. ಆಸ್ಟ್ರೇಲಿಯಾದ ರೋಗಶಾಸ್ತ್ರಜ್ಞ ಡಗ್ಲಸ್ ರೈ 1963ರಲ್ಲಿ ವಿವರಿಸಿದ, ಮುಂದೆ ಅವರ ಹೆಸರನ್ನೇ ಹೊತ್ತ ರೋಗ ಮತ್ತೊಂದು. ಇನ್‌ಫ್ಲುಯೆಂಜಾ ಅಥವಾ ಸೀತಾಳೆ ಸಿಡುಬಿನಿಂದ (ಚಿಕನ್‌ಪಾಕ್ಸ್) ಚೇತರಿಸಿಕೊಳ್ಳುತ್ತಿದ್ದ ಮಕ್ಕಳಲ್ಲಿ ಯಕೃತ್ತು ಕೆಟ್ಟು ಮಿದುಳು ಊದಿಕೊಳ್ಳುತ್ತಿತ್ತು, ಆಸ್ಪಿರಿನ್ ಕೊಟ್ಟ ಮಕ್ಕಳಲ್ಲೇ ಅದು ಹೆಚ್ಚು ಬರುತ್ತಿತ್ತು. ಅಮೆರಿಕದಲ್ಲಿ 1979-80ರಲ್ಲಿ 555 ಪ್ರಕರಣಗಳು ವರದಿಯಾಗಿದ್ದವು. ಜ್ವರದ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದೆಂಬ ಎಚ್ಚರಿಕೆ ಹರಡಿದ ಮೇಲೆ, 1994ರಿಂದ 1997ರ ನಡುವೆ, ಅವು ವರ್ಷಕ್ಕೆ ಎರಡನ್ನೂ ಮೀರಲಿಲ್ಲ. ವೈರಸ್‌ಗೆ ಔಷಧ ಕಂಡುಹಿಡಿಯದೆ, ದೇಹದ ಪ್ರತಿಕ್ರಿಯೆಯನ್ನು ಕೆಡಿಸುತ್ತಿದ್ದ ಒಂದು ಮಾತ್ರೆಯನ್ನು ನಿಲ್ಲಿಸಿಯೇ ಸಾವಿರಾರು ಮಕ್ಕಳನ್ನು ಉಳಿಸಬಹುದಾಯಿತು.

ಉಸಿರಾಟದ ಸೋಂಕೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂದು ಇಲ್ಲಿ ಆಕ್ಷೇಪಿಸಬಹುದು, ಅದು ನ್ಯಾಯವೂ ಹೌದು. ಅಮೆರಿಕದಲ್ಲಿ 2014, 2016 ಮತ್ತು 2018ರಲ್ಲಿ ಮಕ್ಕಳ ಕೈಕಾಲುಗಳ ಕಸುವು ಕಸಿದ ಎಂಟರೋವೈರಸ್ ಡಿ68 ಶೀತದಂತೆಯೇ ಆರಂಭವಾಗುತ್ತದೆ, ಆದರೆ ಪೋಲಿಯೊದ ಹಾಗೆ ಬೆನ್ನುಹುರಿಯ ಚಾಲಕ ನರಕೋಶಗಳನ್ನೇ ಹೊಗುತ್ತದೆ. ಗಾಳಿಯಲ್ಲಿ ಹರಡುವ ದಡಾರದ ವೈರಸ್ ಎರಡೂ ದಾರಿಗಳನ್ನು ಬಲ್ಲದು. ಸುಮಾರು ಸಾವಿರ ರೋಗಿಗಳಲ್ಲಿ ಒಬ್ಬರಿಗೆ ಅದು ಪ್ರತಿರಕ್ಷಣೆಯ ತಪ್ಪಿನಿಂದ ಮಿದುಳಿನ ಉರಿಯೂತ ತರುತ್ತದೆ; ಇನ್ನೂ ವಿರಳವಾಗಿ ಮಿದುಳಿನಲ್ಲೇ ಅಡಗಿ ಕುಳಿತು ಹಲವು ವರ್ಷಗಳ ಬಳಿಕ ಎಸ್‌ಎಸ್‌ಪಿಇ ಎಂಬ ಮಾರಕ ರೋಗವಾಗಿ ಎದ್ದುಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ದಶಕಗಳಿಂದ ಈ ರೋಗ ಬಂದ ಮಕ್ಕಳನ್ನು ನೋಡುತ್ತ ಬಂದಿದೆ. ಆದರೆ ಈ ಉದಾಹರಣೆಗಳೇ ನೇರ ದಾಳಿ ಹೇಗಿರುತ್ತದೆಂಬ ಅಳತೆಗೋಲನ್ನೂ ಕೊಡುತ್ತವೆ. ಅಲ್ಲಿ ಹಾನಿಯಾದ ನರಕೋಶದ ಒಳಗೇ ವೈರಸ್ ಸಿಗುತ್ತದೆ. ಕೋವಿಡ್‌ನ ಸಾಮಾನ್ಯ ತೊಡಕುಗಳಲ್ಲಿ ಹಾಗೆ ಸಿಗುವುದಿಲ್ಲ. ಕಾಲದಲ್ಲಿ ಹತ್ತಿರ ಬಂದದ್ದನ್ನೆಲ್ಲ ಕಾರಣವೆಂದು ಹಿಡಿಯಬಾರದೆಂಬ ಎಚ್ಚರವನ್ನೂ ಇತಿಹಾಸ ಕಲಿಸಿದೆ. ವಿಯೆನ್ನಾದ ವೈದ್ಯ ಫಾನ್ ಎಕನಾಮೊ 1917ರಲ್ಲಿ ವಿವರಿಸಿದ ನಿದ್ರಾರೋಗವನ್ನು 1918ರ ಇನ್‌ಫ್ಲುಯೆಂಜಾದ ಫಲವೆಂದು ಬಹುಕಾಲ ನಂಬಲಾಗಿತ್ತು. ಅದರ ಮೊದಲ ರೋಗಿಗಳು ಆ ಮಹಾಮಾರಿಗಿಂತ ಮೊದಲೇ ಕಂಡಿದ್ದರು, ಕಾಪಿಟ್ಟ ಮಿದುಳಿನ ತುಣುಕುಗಳಲ್ಲಿ 2001ರಲ್ಲಿ ಹುಡುಕಿದಾಗ ಇನ್‌ಫ್ಲುಯೆಂಜಾದ ಗುರುತೂ ಸಿಗಲಿಲ್ಲ.

ಉಳಿದುಹೋಗುವ ಮಂಕು

ಸೋಂಕು ಹೋದ ಮೇಲೂ ಹೋಗದ ಮಂಕು ಈ ವಿಷಯದ ಅತ್ಯಂತ ವಿವಾದಿತ ಭಾಗ. ಹೇಳಬೇಕೆಂದ ಮಾತು ನಾಲಗೆಗೆ ಬಾರದಿರುವುದು, ಓದಿದ ಪುಟ ಮರೆಯುವುದು, ಎರಡು ಕೆಲಸ ಒಟ್ಟಿಗೆ ಹಿಡಿಯಲಾಗದಿರುವುದು ರೋಗಿಗಳು ಹೇಳುವ ದೂರುಗಳು. ಇದು ಮನಸ್ಸಿನ ದಣಿವು, ಲಾಕ್‌ಡೌನಿನ ಒಂಟಿತನದ ಫಲ ಎಂದು ಕೆಲವರು ತಳ್ಳಿಹಾಕಿದರು. ಬ್ರಿಟನ್ನಿನ ಜೈವಿಕ ಭಂಡಾರದ (ಯುಕೆ ಬಯೋಬ್ಯಾಂಕ್) ಅಧ್ಯಯನ ಅದಕ್ಕೆ ಉತ್ತರವಾಗಬಲ್ಲದು. 51ರಿಂದ 81 ವರ್ಷದ 785 ಮಂದಿಯ ಮಿದುಳನ್ನು ಮಹಾಮಾರಿಗೆ ಮೊದಲೇ ಸ್ಕ್ಯಾನ್ ಮಾಡಲಾಗಿತ್ತು. ಸುಮಾರು ಮೂರು ವರ್ಷಗಳ ನಂತರ ಮತ್ತೆ ಸ್ಕ್ಯಾನ್ ಮಾಡುವ ಹೊತ್ತಿಗೆ ಅವರಲ್ಲಿ 401 ಮಂದಿಗೆ ಸೋಂಕು ಬಂದು ಹೋಗಿತ್ತು. ಸೋಂಕು ಬಂದವರಲ್ಲಿ ವಾಸನೆಗೂ ನೆನಪಿಗೂ ಸಂಬಂಧಿಸಿದ ಭಾಗಗಳು ಶೇ. 0.2ರಿಂದ 2ರಷ್ಟು ಹೆಚ್ಚು ಕುಗ್ಗಿದ್ದವು. ಆಸ್ಪತ್ರೆ ಸೇರಿದ್ದ 15 ಮಂದಿಯನ್ನು ಬಿಟ್ಟು ಲೆಕ್ಕ ಹಾಕಿದರೂ ಅಂತರ ಅಳಿಯಲಿಲ್ಲ. ಒಂಟಿತನ, ಭಯ, ಲಾಕ್‌ಡೌನ್ ಎರಡೂ ಗುಂಪುಗಳಿಗೆ ಸಮಾನವಾಗಿದ್ದವು. ಹಾಗೆಂದು ಈ ಕುಗ್ಗುವಿಕೆಯನ್ನು ಮಿದುಳು ಕರಗಿತೆಂದು ಓದಬಾರದು. ಇದು ಗುಂಪುಗಳ ಸರಾಸರಿಯಲ್ಲಿ ಕಂಡ ಸಣ್ಣ ವ್ಯತ್ಯಾಸ, ವಾಸನೆಯ ಸಂಕೇತ ತಿಂಗಳುಗಟ್ಟಲೆ ಬಾರದಿದ್ದುದೂ ಇದಕ್ಕೆ ಒಂದು ಕಾರಣವಾಗಿರಬಹುದು.

ಇದೆಲ್ಲ ಮನುಷ್ಯರಲ್ಲಿ ಮಾಡಿದ ಅವಲೋಕನ. ಕಾರಣವನ್ನು ಬಿಡಿಸಿ ತೋರಿಸಿದ್ದು ಸ್ಟ್ಯಾನ್‌ಫರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಇಲಿಗಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗ. ಮನುಷ್ಯರ ಎಸಿಇ2 ಗ್ರಾಹಕವನ್ನು ಇಲಿಗಳ ಉಸಿರಾಟದ ಅಂಗಗಳಲ್ಲಿ ಮಾತ್ರ ಮೂಡಿಸಿ ಸೌಮ್ಯ ಸೋಂಕು ಕೊಡಲಾಯಿತು. ವೈರಸ್ ಮಿದುಳಿಗೆ ಹೋಗಲಿಲ್ಲ, ಒಂದು ವಾರದಲ್ಲಿ ಶ್ವಾಸಕೋಶದಿಂದಲೂ ಮಾಯವಾಯಿತು. ಆದರೂ ವಾರಗಳ ನಂತರ ಮಿದುಳಿನ ಬಿಳಿ ಭಾಗದಲ್ಲಿ ಮೈಕ್ರೋಗ್ಲಿಯಾ ಕೆರಳಿಯೇ ಇದ್ದವು, ನರದ ಹೊದಿಕೆ ನೇಯುವ ಕೋಶಗಳು ಕಡಿಮೆಯಾಗಿದ್ದವು, ನೆನಪಿನ ನೆಲೆಯಾದ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹುಟ್ಟುವುದು ತಗ್ಗಿತ್ತು. ರಕ್ತದಲ್ಲೂ ಮಿದುಳುದ್ರವದಲ್ಲೂ ಸಿಸಿಎಲ್11 ಎಂಬ ಉರಿಯೂತದ ಸಂಕೇತ ಏರಿತ್ತು; ದೀರ್ಘ ಕೋವಿಡ್‌ನಲ್ಲಿ ಮಂಕು ಉಳಿದವರ ರಕ್ತದಲ್ಲೂ ಅದು ಹೆಚ್ಚಿತ್ತು. ಇಲಿ ಮನುಷ್ಯನಲ್ಲ ಎಂಬ ಆಕ್ಷೇಪ ಎಂದಿಗೂ ಸಲ್ಲುವಂಥದ್ದು. ಆದರೆ ಎದೆಯಲ್ಲೇ ಉಳಿದ ಸೋಂಕು ಮಿದುಳನ್ನು ಕೆಡಿಸುವುದು ಸಾಧ್ಯವೇ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಬೇರೆ ಸಿಕ್ಕಿಲ್ಲ. ಮಂಕಿನಿಂದ ಬಳಲುವವರ ಮಾತನ್ನು ಸೋಮಾರಿತನವೆಂದು ತಳ್ಳುವುದು ಇನ್ನು ಮುಂದೆ ವಿಜ್ಞಾನಕ್ಕೆ ವಿರುದ್ಧವಾದ ಮಾತಾಗುತ್ತದೆ.

ಚಿಕಿತ್ಸೆ ಮತ್ತು ತಡೆ

ಹಾನಿಯ ಮೂಲ ದೇಹದ ಪ್ರತಿಕ್ರಿಯೆ ಎಂದಾದರೆ ಚಿಕಿತ್ಸೆ ಪ್ರತಿಕ್ರಿಯೆಯ ಬಗೆಯನ್ನು ಅನುಸರಿಸಬೇಕು. ಬ್ರಿಟನ್ನಿನ ರಿಕವರಿ ಎಂಬ ಔಷಧ ಪರೀಕ್ಷೆ 2020ರಲ್ಲಿ ಇದನ್ನು ಸೊಗಸಾಗಿ ತೋರಿಸಿತು. ಅಗ್ಗದ ಸ್ಟೀರಾಯ್ಡ್ ಆದ ಡೆಕ್ಸಾಮೆಥಸೋನ್, ಯಂತ್ರದ ಉಸಿರಾಟದಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕವೇ ಬೇಕಿರದ ರೋಗಿಗಳಿಗೆ ಅದರಿಂದ ಲಾಭವಾಗಲಿಲ್ಲ. ಗಿಲ್ಲನ್-ಬಾರೆ ರೋಗಕ್ಕೆ ಸ್ಟೀರಾಯ್ಡ್ ನಾಟುವುದಿಲ್ಲ; ಅಲ್ಲಿ ಬೇಕಾದದ್ದು ರಕ್ತನಾಳದ ಮೂಲಕ ಕೊಡುವ ಇಮ್ಯುನೊಗ್ಲಾಬುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ. ಪಾರ್ಶ್ವವಾಯುವಿಗೆ ಕೋವಿಡ್ ಇರಲಿ ಬಿಡಲಿ ಗಂಟೆಗಳೊಳಗಿನ ಚಿಕಿತ್ಸೆಯೇ ಮುಖ್ಯ. ವಾಸನೆ ಮರಳದವರಿಗೆ ಲವಂಗ, ನಿಂಬೆಯಂಥ ವಾಸನೆಗಳನ್ನು ದಿನವೂ ಮೂಸುವ ಅಭ್ಯಾಸವನ್ನು ಸಲಹೆ ಮಾಡಲಾಗುತ್ತದೆ.

ಪ್ರತಿಕ್ರಿಯೆಯನ್ನು ತಗ್ಗಿಸುವ ಔಷಧವನ್ನು ವಿವೇಚನೆಯಿಲ್ಲದೆ ಬಳಸಿದರೆ ಏನಾಗುತ್ತದೆಂಬುದನ್ನು 2021ರ ಎರಡನೇ ಅಲೆಯಲ್ಲಿ ಕರ್ನಾಟಕವೂ ಸೇರಿ ಇಡೀ ಭಾರತ ಕಂಡಿತು. ಹತೋಟಿ ತಪ್ಪಿದ ಮಧುಮೇಹದ ಮೇಲೆ ಸ್ಟೀರಾಯ್ಡ್ ಬಿದ್ದ ದೇಹಗಳಲ್ಲಿ ಕಪ್ಪು ಶಿಲೀಂಧ್ರವೆಂದು ಜನ ಕರೆದ ಮ್ಯೂಕರ್ ಸೋಂಕು ಮೂಗಿನಿಂದ ಸೈನಸ್‌ಗೆ, ಅಲ್ಲಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹಬ್ಬಿತು. ಆ ವರ್ಷದ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಎಷ್ಟೋ ಮಂದಿಯ ಜೀವ ಉಳಿಸಲು ಕಣ್ಣು ತೆಗೆಯಬೇಕಾಯಿತು. ವೈರಸ್ ತಾನು ವಿರಳವಾಗಿ ಹೊಗುವ ಮಿದುಳಿಗೆ ಶಿಲೀಂಧ್ರ ಹೊಕ್ಕದ್ದು ದೇಹದ ಕಾವಲು ಸಡಿಲವಾದ ಕಾರಣದಿಂದ. ಪ್ರತಿರಕ್ಷಣೆ ಮಿತಿಮೀರಿದರೂ ಮಿದುಳಿಗೆ ಕೇಡು, ಕುಸಿದರೂ ಕೇಡು. ಆದ್ದರಿಂದ ಸೋಂಕೇ ತೀವ್ರವಾಗದಂತೆ ತಡೆಯುವ ಲಸಿಕೆ, ಹತೋಟಿಯಲ್ಲಿಟ್ಟ ಸಕ್ಕರೆ ಮತ್ತು ರಕ್ತದೊತ್ತಡ, ಇಳಿಯುವ ಆಮ್ಲಜನಕವನ್ನು ಬೇಗ ಗುರುತಿಸುವುದು, ಬೇಕಾದವರಿಗೆ ಬೇಕಾದಷ್ಟೇ ದಿನ ಸ್ಟೀರಾಯ್ಡ್ ಕೊಡುವುದು ನರಮಂಡಲದ ನಿಜವಾದ ರಕ್ಷಣೆಗಳು. ಎದೆಯ ರೋಗವೆಂದು ಬಂದ ರೋಗಿಯ ಮಾತು, ನಡೆ, ಎಚ್ಚರಗಳನ್ನೂ ವೈದ್ಯರು ಮೊದಲ ದಿನವೇ ಪರೀಕ್ಷಿಸಬೇಕು. ಮನೆಗೆ ಹೋದ ಮೇಲೂ ಕೆಲವು ತಿಂಗಳು ವಿಚಾರಿಸುತ್ತಿರಬೇಕು. ಮುಂದೆ ಬರುವ ಉಸಿರಾಟದ ಮಹಾಮಾರಿ ಯಾವ ವೈರಸ್‌ನದೇ ಆಗಿರಲಿ, ಈ ಅಭ್ಯಾಸ ಆಗಲೂ ಉಪಯೋಗಕ್ಕೆ ಬರುತ್ತದೆ.